ಪದಚರ್ಚೆ: ಯೀಸ್ಟ್ ಸ್ಟಾರ್ಟರ್‌ಗೆ 'ಹೆಪ್ಪು' ಅನ್ನಬಹುದೆ? 'ಫ್ಲಾಸ್ಕ್' ಅಂದರೆ ಯಾವ ಫ್ಲಾಸ್ಕ್?

ಪ್ರಶ್ನೆ:

ಬಲ್ಲವರಿಗೆ ನಮಸ್ಕಾರ. ಅಮೆರಿಕದ ಕನ್ನಡಿಗರಿಗಾಗಿ ಮನೆಯಲ್ಲೇ ಬಿಯರ್ ಮಾಡುವ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. (ಅಲ್ಲಿ 1978ರ ಒಕ್ಕೂಟ ಕಾನೂನು ಸ್ವಂತ ಬಳಕೆಯ ಬಿಯರಿಗೆ ತೆರಿಗೆ ಬಿಟ್ಟಿದೆ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಪರವಾನಗಿ ಕೇಳುತ್ತದೆ.) ಕರಡಿನಲ್ಲಿ ಒಂದು ಸಾಲು ಹೀಗಿದೆ: "ಕಿಣ್ವದ ಹೆಪ್ಪನ್ನು ಫ್ಲಾಸ್ಕಿನಲ್ಲೇ ಕುದಿಸಿ ತಣಿಸಿ." (ಇಲ್ಲಿ ಹೆಪ್ಪು ಅಂದರೆ ಯೀಸ್ಟ್ ಸ್ಟಾರ್ಟರ್, ಬಿಯರಿಗೆ ಹಾಕುವ ಮುನ್ನ ಬೇರೆಯಾಗಿ ಬೆಳೆಸಿಕೊಳ್ಳುವ ಯೀಸ್ಟ್.) ಕಿಣ್ವ, ಹೆಪ್ಪು, ಫ್ಲಾಸ್ಕ್ ಮೂರೂ ಸರಿಯೆ? ಫ್ಲಾಸ್ಕ್ ಗಾಜಿನದಲ್ಲದೆ ಪ್ಲಾಸ್ಟಿಕ್ಕಿನದೂ ಸಿಗುತ್ತದಲ್ಲ, ಎರಡಕ್ಕೂ ಒಂದೇ ಪದ ಸಾಕೆ?

ಉತ್ತರ 1:

ಸಾಲು ಹೀಗೇ ಅಚ್ಚಾದರೆ ಯೀಸ್ಟ್ ಸಾಯುತ್ತದೆ, ಪಾತ್ರೆಯೂ ಹಾಳಾಗುತ್ತದೆ. ಕುದಿಸಬೇಕಾದ್ದು ಹೆಪ್ಪನ್ನಲ್ಲ, ಹೆಪ್ಪು ಬೆಳೆಯಬೇಕಾದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ನೀರನ್ನು.

'ಕಿಣ್ವ' ಬೇಡವೇ ಬೇಡ. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಕಿಣ್ವ ಅಂದರೆ ಮದ್ಯಕ್ಕೆ ಹಾಕುವ ಹುದುಗೇ ನಿಜ. ಆದರೆ ಇಂದಿನ ಕನ್ನಡ ಪಠ್ಯಪುಸ್ತಕದಲ್ಲಿ ಅದು ಎಂಜೈಮ್. ಬಿಯರ್ ಕೈಪಿಡಿಗೆ ಆ ಅರ್ಥವೂ ಬೇಕು: ಮಾಲ್ಟಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಅಮೈಲೇಸನ್ನು ಮತ್ತೇನೆಂದು ಕರೆಯುತ್ತೀರಿ? ಯೀಸ್ಟ್ ಯೀಸ್ಟಾಗಿಯೇ ಇರಲಿ.

'ಫ್ಲಾಸ್ಕ್' ಅಂದರೆ ನಮ್ಮ ಮನೆಗಳಲ್ಲಿ ಕಾಫಿ ಬಿಸಿಯಾಗಿಡುವ ಥರ್ಮಾಸ್ ಫ್ಲಾಸ್ಕು. ಅದನ್ನು ಒಲೆಯ ಮೇಲೆ ಇಡುವವರಿಲ್ಲ ನಿಜ, ಆದರೆ ಓದುಗ ತಡವರಿಸುವುದಂತೂ ಖಂಡಿತ. ಇಲ್ಲಿ ಬೇಕಾದ್ದು ಜರ್ಮನ್ ರಸಾಯನಶಾಸ್ತ್ರಜ್ಞ ಎಮಿಲ್ ಎರ್ಲೆನ್‌ಮೇಯರ್ ಹೆಸರಿನ, ಅಗಲ ತಳ, ಕಿರಿದು ಕತ್ತಿನ ಪಾತ್ರೆ. 'ಶಂಕುಕುಪ್ಪಿ' ಅನ್ನಿ, ಆಕಾರವೂ ಕಣ್ಣಿಗೆ ಬರುತ್ತದೆ. ಆದರೆ ಬರೀ ಶಂಕುಕುಪ್ಪಿ ಸಾಲದು. 'ಕುದಿಸಿ' ಎಂಬ ಕ್ರಿಯಾಪದ ಬಂದಲ್ಲೆಲ್ಲ ಹಿಂದೆ 'ಬೋರೋಸಿಲಿಕೇಟ್ ಗಾಜಿನ' ಎಂಬ ವಿಶೇಷಣ ಇರಲೇಬೇಕು. ಬಿಸಿಗೆ ಅದು ಹಿಗ್ಗುವುದು ಮಾಮೂಲಿ ಗಾಜಿನ ಸುಮಾರು ಮೂರನೇ ಒಂದು ಪಾಲು ಮಾತ್ರ. ಉಪ್ಪಿನಕಾಯಿ ಸೀಸೆಯ ಗಾಜು ಒಲೆಯ ಮೇಲೆ ಬಿರಿಯುವುದು ಇದಕ್ಕೇ.

ಹಾಗೆಂದು ಬೋರೋಸಿಲಿಕೇಟ್ ಅಮರವಲ್ಲ. ಉರಿಗೂ ತಳಕ್ಕೂ ನಡುವೆ ತಂತಿ ಜಾಲರಿ ಇರಲಿ. ಇಳಿಸಿದ ತಕ್ಷಣ ಒದ್ದೆ ಕಲ್ಲುಕಟ್ಟೆಯ ಮೇಲೆ ಇಟ್ಟರೆ ತಳದ ಸುತ್ತ ಉಂಗುರದಂತೆ ಬಿರುಕು ಬಿಡಬಹುದು. ಹಳೆಯ ಗೀರಿದ್ದರಂತೂ ಬಿರುಕು ಶುರುವಾಗುವುದೇ ಅಲ್ಲಿಂದ. ಒಣ ಬಟ್ಟೆಯ ಮೇಲೆ ಹತ್ತು ನಿಮಿಷ ಬಿಟ್ಟು, ಆಮೇಲೆ ನಲ್ಲಿ ನೀರು, ಕೊನೆಗೆ ಮಂಜುಗಡ್ಡೆ ನೀರು. ಅಳತೆ: 1 ಲೀಟರಿಗೆ 100 ಗ್ರಾಂ ಒಣ ಮಾಲ್ಟ್ ಸಾರ, ಸಾಪೇಕ್ಷ ಸಾಂದ್ರತೆ (ನೀರು 1 ಎಂದುಕೊಂಡರೆ) 1.036ರ ಆಸುಪಾಸು, 10 ನಿಮಿಷ ಕುದಿ. ಇದಕ್ಕೆ 2 ಲೀಟರಿನ ಕುಪ್ಪಿಯೇ ಬೇಕು. ಕತ್ತು ಕಿರಿದಾದ್ದರಿಂದ ನೊರೆಗೆ ಹರಡಲು ಜಾಗವಿಲ್ಲ, ಹಾಲು ಉಕ್ಕಿದಂತೆ ಒಮ್ಮೆಲೇ ಉಕ್ಕುತ್ತದೆ.

ಪ್ಲಾಸ್ಟಿಕ್ ಕುಪ್ಪಿಯನ್ನು ತಳ್ಳಿಹಾಕಬೇಕಿಲ್ಲ, ಅದರ ಸಾಲು ಬೇರೆ ಇರಬೇಕು ಅಷ್ಟೆ. ಪಾಲಿಪ್ರೊಪಿಲೀನ್ ಆದರೆ 121 ಡಿಗ್ರಿ ಸೆಲ್ಸಿಯಸ್‌ನ ಆಟೋಕ್ಲೇವನ್ನು (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಪಾತ್ರೆ) ತಾಳುತ್ತದೆ, ನೇರ ಉರಿಯನ್ನು ತಾಳದು. ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ ಕುದಿನೀರಿಗೇ ಮುದುಡುತ್ತದೆ. ಆದ್ದರಿಂದ ಸ್ಟೀಲ್ ಪಾತ್ರೆಯಲ್ಲಿ ಕುದಿಸಿ, ಮುಚ್ಚಿ, 22 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ, ಕ್ರಿಮಿನಾಶಕದಿಂದ ತೊಳೆದ ಕುಪ್ಪಿಗೆ ಸುರಿಯಬೇಕು. ತೊಂದರೆ ಬರುವುದು ಗೀರುಗಳಿಂದ. ಗಟ್ಟಿ ಬ್ರಷ್ಷಿನಿಂದ ಉಜ್ಜಿದ ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ಹುಳಿ ಬರಿಸುವ ಬ್ಯಾಕ್ಟೀರಿಯಾ ಕೂತುಬಿಟ್ಟರೆ ಕ್ರಿಮಿನಾಶಕ ಅಲ್ಲಿಗೆ ತಲುಪುವುದು ಕಷ್ಟ. ಇನ್ನೊಂದು: ಕಾಂತದಿಂದ ಕಲಕುವ ಯಂತ್ರವಿದ್ದರೆ ತಳ ಚಪ್ಪಟೆಯಾಗಿರಬೇಕು. ಉಬ್ಬುತಳದ ಪ್ಲಾಸ್ಟಿಕ್ಕಿನಲ್ಲಿ ಕಾಂತದ ತುಂಡು ಜಾರಿ ಮೂಲೆ ಸೇರಿ ಟಕಟಕ ಅನ್ನುತ್ತಾ ಕೂರುತ್ತದೆ, ಕಲಕುವುದಿಲ್ಲ.

ಗಾಜಾಗಲಿ ಪ್ಲಾಸ್ಟಿಕ್ಕಾಗಲಿ, 'ಮುಚ್ಚಿ' ಎಂದು ಬರೆದು ಬಿಡಬೇಡಿ, 'ಅಲ್ಯೂಮಿನಿಯಂ ಹಾಳೆ ಸಡಿಲವಾಗಿ ಹೊದಿಸಿ' ಎನ್ನಿ. ಬಿಗಿದು ಮುಚ್ಚಿದರೆ ಇಂಗಾಲದ ಡೈಆಕ್ಸೈಡ್ ಒತ್ತಡಕ್ಕೆ ಗಾಜು ಸಿಡಿಯಬಹುದು.

ಉತ್ತರ 2:

ಹಿಂದಿನವರು 'ಹೆಪ್ಪು' ಪದವನ್ನು ಮುಟ್ಟದೆ ಬಿಟ್ಟರು. ನನ್ನ ತಕರಾರು ಇರುವುದು ಅಲ್ಲೇ. ಹಾಲಿಗೆ ಹೆಪ್ಪು ಹಾಕುವುದು ಒಂದು ಚಮಚ, ಹಾಕಿದರೆ ಹಾಲು ಗಟ್ಟಿಯಾಗುತ್ತದೆ. 'ಹೆಪ್ಪುಗಟ್ಟು' ಅಂದಾಗ ನೆನಪಾಗುವುದೂ ಅದೇ. ಸ್ಟಾರ್ಟರಿನಲ್ಲಿ ಏನೂ ಗಟ್ಟಿಯಾಗದು. ಅದು ಭತ್ತದ ಸಸಿಮಡಿಯ ಹಾಗೆ: ಒಂದು ಪೊಟ್ಟಣ ಯೀಸ್ಟನ್ನು ತೆಳು ಮಾಲ್ಟ್ ನೀರಿನಲ್ಲಿ 24ರಿಂದ 48 ಗಂಟೆ ಬೆಳೆಸಿ, ಸಂಖ್ಯೆ ಹೆಚ್ಚಿದ ಮೇಲೆ ದೊಡ್ಡ ಗದ್ದೆಗೆ ನಾಟಿ. 'ಯೀಸ್ಟ್ ಮಡಿ' ಅಂದರೆ ಮಲೆನಾಡಿನವರಿಗೆ ಕೂಡಲೇ ಹೊಳೆದೀತು. ಬೆಂಗಳೂರಿನವರಿಗೆ ಮಾತ್ರ ಮಡಿ ಅಂದರೆ ಮಡಿ-ಮೈಲಿಗೆ. ಹಾಗಾಗಿ ಹೆಪ್ಪೇ ಇರಲಿ, ಕ್ರಿಯಾಪದಗಳನ್ನು ಬೇರೆ ಮಾಡಿ. ಕುಪ್ಪಿಯಲ್ಲಿ ಹೆಪ್ಪು 'ಬೆಳೆಸು', ಬಿಯರಿಗೆ ಹೆಪ್ಪು 'ಹಾಕು'. ಫ್ರಿಜ್ಜಿನಲ್ಲಿ ಇಟ್ಟಾಗ ಯೀಸ್ಟ್ ತಳಕ್ಕೆ ಕೂತ ಮೇಲೆ ಮೇಲಿನ 'ತಿಳಿ ಬಸಿ'. ಗಂಜಿ ಬಸಿಯುವವರಿಗೆ ಈ ಕೊನೆಯದನ್ನು ವಿವರಿಸಬೇಕಾಗಿಲ್ಲ.

ಕರಡಿನ ಸಾಲಿಗೆ ಬದಲಿ: "ಮಾಲ್ಟ್ ನೀರನ್ನು ಬೋರೋಸಿಲಿಕೇಟ್ ಗಾಜಿನ ಶಂಕುಕುಪ್ಪಿಯಲ್ಲಿ 10 ನಿಮಿಷ ಕುದಿಸಿ, 22 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ, ಆಮೇಲೆ ಯೀಸ್ಟ್ ಹಾಕಿ ಹೆಪ್ಪು ಬೆಳೆಸಿ. ಕುಪ್ಪಿ ಪ್ಲಾಸ್ಟಿಕ್ಕಿನದಾದರೆ ಸ್ಟೀಲ್ ಪಾತ್ರೆಯಲ್ಲಿ ಕುದಿಸಿ, ತಣಿದ ಮೇಲೆ ಸುರಿಯಿರಿ."