ಅಡ್ಡಗಾಳಿಯಲ್ಲಿ ಇಳಿದಾದ ಮೇಲೆ ರನ್‌ವೇ ಬಿಟ್ಟು ಹುಲ್ಲಿಗೆ ಹೋದೆ. ತಪ್ಪಿದ್ದೆಲ್ಲಿ?

ಹೊಸರೆಕ್ಕೆ:
ಲೈಸೆನ್ಸ್ ಸಿಕ್ಕಿ ನಾಲ್ಕು ತಿಂಗಳು. ಸೆಸ್ನಾ 172 ಅನ್ನೋ ಚಿಕ್ಕ ವಿಮಾನ, ಒಬ್ಬನೇ ಇದ್ದೆ. ಗಾಳಿ ರನ್‌ವೇಗೆ ಎಡದಿಂದ 40 ಡಿಗ್ರಿ ಓರೆಯಾಗಿತ್ತು, 14 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.), ಜೋರಾಗಿ ಬೀಸಿದಾಗ 20. ಲೆಕ್ಕ ಹಾಕಿದರೆ ಅಡ್ಡಗಾಳಿ 9ರಿಂದ 13 ನಾಟ್. ಕೈಪಿಡಿಯಲ್ಲಿ 15 ಅಂತ ಇದೆ, ಹಾಗಾಗಿ ಧೈರ್ಯವಾಗೇ ಬಂದೆ.

ಎಡ ರೆಕ್ಕೆ ತಗ್ಗಿಸಿ, ಕಾಲಲ್ಲಿ ಬಲ ರಡರ್ (ಬಾಲದ ಚುಕ್ಕಾಣಿಯ ಪೆಡಲ್) ಒತ್ತಿ, ಮೊದಲು ಎಡ ಚಕ್ರ, ಆಮೇಲೆ ಬಲ ಚಕ್ರ. ಇಷ್ಟು ಚೆನ್ನಾಗಿ ನಾನು ಯಾವತ್ತೂ ಇಳಿಸಿರಲಿಲ್ಲ. ‘ಅಬ್ಬಾ’ ಅಂದುಕೊಂಡು ಯೋಕ್ (ಕೈಯಲ್ಲಿ ಹಿಡಿದು ತಿರುಗಿಸುವ ಹಿಡಿ) ನೇರ ಮಾಡಿದೆ. ಎರಡೇ ಸೆಕೆಂಡು. ಎಡ ರೆಕ್ಕೆ ಎದ್ದಿತು, ಮೂಗು ಎಡಕ್ಕೆ ತಿರುಗಿತು, ಅಂಚಿನ ಒಂದು ದೀಪ ಪುಡಿ ಮಾಡಿ ಹುಲ್ಲಿನಲ್ಲಿ ನಿಂತೆ. ನನಗೇನೂ ಆಗಿಲ್ಲ. ಆ ಗಾಳಿಗೆ ನಾನು ಇಳಿಯಲೇ ಬಾರದಿತ್ತಾ?

ಹಳೆಬಾಲಚಕ್ರ:
ಇಳಿಯಬಹುದಿತ್ತು. ಆದರೆ ನೀವು ಇಳಿಯುವುದನ್ನು ಅರ್ಧಕ್ಕೇ ಬಿಟ್ಟಿರಿ. ಚಕ್ರ ತಾಗಿದಾಗ ವಿಮಾನ ಇನ್ನೂ ಅರ್ಧ ಹಾರುತ್ತಲೇ ಇರುತ್ತೆ. ವೇಗ ಇಳಿದಷ್ಟೂ ಐಲರಾನ್‌ಗೆ (ಯೋಕ್ ತಿರುಗಿಸಿದಾಗ ರೆಕ್ಕೆಯ ಹಿಂಅಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ) ಬಲ ಕಡಿಮೆ, ಅದಕ್ಕೇ ಯೋಕನ್ನು ಗಾಳಿ ಬರುವ ಕಡೆಗೆ ಇನ್ನೂ ಇನ್ನೂ ತಿರುಗಿಸುತ್ತಾ ಹೋಗಬೇಕು. ನಿಲ್ಲುವ ಹೊತ್ತಿಗೆ ಅದು ಪೂರ್ತಿ ಎಡಕ್ಕೆ ಇರಬೇಕಿತ್ತು. ನೀವು ಮಾಡಿದ್ದು ಉಲ್ಟಾ. ಬಾಲದ ಮೇಲಿನ ನಿಂತ ರೆಕ್ಕೆಗೆ ಗಾಳಿ ಹೊಡೆದರೆ ಮೂಗು ಗಾಳಿ ಬಂದ ಕಡೆಗೇ ತಿರುಗುತ್ತೆ, ಗಾಳಿಕೋಳಿ ತಿರುಗಿದ ಹಾಗೆ.

ಇನ್ನೊಂದು ಕೇಳ್ತೀನಿ, ಬೇಜಾರಾಗಬೇಡಿ. ಮೂಗು ಎಡಕ್ಕೆ ಹೋದಾಗ ಯೋಕನ್ನು ಬಲಕ್ಕೆ ತಿರುಗಿಸಿದಿರಾ, ಕಾರಿನ ಸ್ಟೀರಿಂಗ್ ತರ? ನೆಲದ ಮೇಲೆ ದಾರಿ ತಿದ್ದುವುದು ರಡರ್ ಒತ್ತುವ ಕಾಲು. ಯೋಕ್ ಬಲಕ್ಕೆ ಹೋದರೆ ಎಡ ರೆಕ್ಕೆ ಇನ್ನಷ್ಟು ಏಳುತ್ತೆ ಅಷ್ಟೇ. ನಾನು ಬಾಲಚಕ್ರದ (ಮೂಗಿನ ಬದಲು ಬಾಲದ ಕೆಳಗೆ ಮೂರನೇ ಚಕ್ರ ಇರುವ) ವಿಮಾನ ಓಡಿಸುವವನು. ಅದರ ಭಾರ ಮುಖ್ಯ ಚಕ್ರಗಳ ಹಿಂದೆ ಇರುತ್ತೆ, ಇದೇ ತಪ್ಪು ಮಾಡಿದ್ದರೆ ಗಿರ್ರನೆ ಸುತ್ತಿ ರೆಕ್ಕೆತುದಿ ನೆಲಕ್ಕೆ ಬಡಿಯುತ್ತಿತ್ತು.

ಸುಮ್ನೆ_ಓದುಗ:
ಆ 15 ನಾಟ್ ಮಿತಿ ಅಲ್ಲ, ಕಂಪನಿಯ ಪೈಲಟ್ ಪರೀಕ್ಷೆಯಲ್ಲಿ ಇಳಿಸಿ ತೋರಿಸಿದ ಗಾಳಿ. ಹಾಗಂತ ಅದು ನಿಮ್ಮ ಅಂಕಿಯೂ ಅಲ್ಲ. ಇನ್‌ಸ್ಟ್ರಕ್ಟರ್ ಪಕ್ಕ ಇಲ್ಲದೆ ನೀವು ಇಲ್ಲಿವರೆಗೆ ಎಷ್ಟರಲ್ಲಿ ಇಳಿಸಿದ್ದೀರಿ? ಅದು ನಿಮ್ಮದು. ಮತ್ತೆ, ರಡರ್ ಪೂರ್ತಿ ಒತ್ತಿದರೂ ಮೂಗು ರನ್‌ವೇಗೆ ನೇರ ನಿಲ್ಲದಿದ್ದರೆ, ಇನ್ನೂ ಮೇಲಿದ್ದಾಗಲೇ ಗೋ-ಅರೌಂಡ್, ಅಂದರೆ ಇಳಿಯೋದು ಬಿಟ್ಟು ಮತ್ತೆ ಮೇಲೇರೋದು.

ಹೊಸರೆಕ್ಕೆ:
ಒಬ್ಬನೇ ಇಳಿಸಿದ್ದು ಹೆಚ್ಚೆಂದರೆ 7 ನಾಟ್‌ನಲ್ಲಿ.

ಯೋಕ್ ವಿಷಯ... ಹೌದು, ಬಲಕ್ಕೆ ತಿರುಗಿಸಿದ್ದೆ. ಹುಲ್ಲಿನಲ್ಲಿ ನಿಂತು ಎಂಜಿನ್ ಆರಿಸಬೇಕು ಅಂತ ನೋಡಿದರೆ ಎಡಗೈ ಇನ್ನೂ ಅದನ್ನು ಬಲಕ್ಕೆ ಒತ್ತಿ ಹಿಡಿದೇ ಇತ್ತು.