ಅರ್ಜೆಂಟ್: ಗ್ರಬ್ ಮೆನುವಿನಲ್ಲಿ ಮಿಂಟ್ ಇದೆ, ಡೆಬಿಯನ್ ಇದೆ, ವಿಂಡೋಸ್ ಮಾಯ!

ಬ್ಯಾಡಗಿ_ಖಾರ:
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಕೂತಿದ್ದೇನೆ. ಮನೆ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇತ್ತು. ಟಿಪಿಎಂ 2.0 (ಸುರಕ್ಷತೆಯ ಚಿಪ್) ಇಲ್ಲ ಅಂತ ವಿಂಡೋಸ್ 11 ಹತ್ತಲಿಲ್ಲ. ಅದಕ್ಕೆ ಲಿನಕ್ಸ್ ಮಿಂಟ್ ಹಾಕಿದೆ, ಅದರ ಪಕ್ಕದಲ್ಲೇ ಡೆಬಿಯನ್ 12 ಕೂಡ. ವಿಡಿಯೋದಲ್ಲಿ ಹೇಳಿದ ಹಾಗೇ ಎಲ್ಲ ಸರಿಯಾಗಿ ಮಾಡಿದ್ದೇನೆ. ಈಗ ಆನ್ ಮಾಡಿದರೆ ಗ್ರಬ್ (ಯಾವ ಓಎಸ್ ಬೇಕು ಅಂತ ಕೇಳುವ ಮೆನು) ಬರುತ್ತದೆ, ಅದರಲ್ಲಿ ಎರಡೂ ಲಿನಕ್ಸ್ ಮಾತ್ರ. ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಲೆಕ್ಕ ಬರೆಯುವ ಟ್ಯಾಲಿ ಪೂರ್ತಿ ವಿಂಡೋಸ್‌ನಲ್ಲಿದೆ. 20ನೇ ತಾರೀಕಿನೊಳಗೆ ಜಿಎಸ್‌ಟಿ 3ಬಿ ರಿಟರ್ನ್ ತುಂಬಬೇಕು. ಅಪ್ಪನಿಗೆ ಇನ್ನೂ ಹೇಳಿಲ್ಲ. ಬೇಗ ಹೇಳ್ರಿ ಯಾರಾದರೂ.

ಗದಗ_ಗ್ರಬ್:
ಹೆದರಬೇಡ ತಮ್ಮಾ. ಇದು ಓಎಸ್-ಪ್ರೋಬರ್ (ಬೇರೆ ಓಎಸ್ ಹುಡುಕಿ ಮೆನುಗೆ ಸೇರಿಸುವ ಪ್ರೋಗ್ರಾಂ) ಕಿತಾಪತಿ, ಕಣ್ಣು ಮುಚ್ಚಿ ಹೇಳುತ್ತೇನೆ. ಗ್ರಬ್ 2.06ರಿಂದ ಅದನ್ನು ಆಫ್ ಮಾಡಿಯೇ ಕೊಡುತ್ತಾರೆ. ಡೆಬಿಯನ್‌ಗೆ ಹೋಗು, ಗ್ರಬ್ ಸೆಟ್ಟಿಂಗ್ ಫೈಲ್ ತೆರೆ, ‘ಡಿಸೇಬಲ್ ಓಎಸ್ ಪ್ರೋಬರ್’ ಸಾಲನ್ನು ‘ಫಾಲ್ಸ್’ ಮಾಡು. ಆಮೇಲೆ ಅಪ್‌ಡೇಟ್-ಗ್ರಬ್ ಓಡಿಸು. ಮುಗೀತು.

ಹಳೇ_ಪೆಂಟಿಯಂ:
ಮೊದಲು ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದ್ದೀರಾ? ಅದು ಆನ್ ಇದ್ದರೆ ವಿಂಡೋಸ್ ಶಟ್‌ಡೌನ್ ಆದ ಹಾಗೆ ಕಾಣುತ್ತದೆ ಅಷ್ಟೇ, ಒಳಗೆ ಅರ್ಧ ನಿದ್ದೆಯಲ್ಲಿರುತ್ತದೆ.

ಗದಗ_ಗ್ರಬ್:
ಅದಕ್ಕೂ ಇದಕ್ಕೂ ಏನು ಸಂಬಂಧ ಸರ್? ಫಾಸ್ಟ್ ಸ್ಟಾರ್ಟಪ್ ಇದ್ದರೆ ಸಿ ಡ್ರೈವ್‌ಗೆ ಲಿನಕ್ಸ್‌ನಿಂದ ಬರೆಯಲು ಬಿಡುವುದಿಲ್ಲ. ಮೆನುವಿನಿಂದ ಹೆಸರೇ ಹಾರಿ ಹೋಗುವುದಿಲ್ಲ.

ಬ್ಯಾಡಗಿ_ಖಾರ:
ಸಾಲು ಬದಲಾಯಿಸಿದೆ ಅಣ್ಣಾ, ಅಪ್‌ಡೇಟ್-ಗ್ರಬ್ ಕೂಡ ಓಡಿಸಿದೆ. ಡೆಬಿಯನ್ ಸಿಕ್ಕಿತು, ಮಿಂಟ್ ಸಿಕ್ಕಿತು ಅಂತ ಬಂತು. ವಿಂಡೋಸ್ ಸುದ್ದಿಯೇ ಇಲ್ಲ.

ಗದಗ_ಗ್ರಬ್:
ಸಾಲಿನ ಮುಂದಿನ ಹ್ಯಾಶ್ (#) ಗುರುತು ತೆಗೆಯದೆ ಹಾಗೇ ಬಿಟ್ಟಿರುತ್ತೀಯ. ಇಲ್ಲದಿದ್ದರೆ ಓಎಸ್-ಪ್ರೋಬರ್ ಪ್ಯಾಕೇಜೇ ಇಲ್ಲ. ಇನ್ನೊಮ್ಮೆ ನೋಡು.

ಬ್ಯಾಡಗಿ_ಖಾರ:
ಹ್ಯಾಶ್ ತೆಗೆದಿದ್ದೇನೆ. ಪ್ಯಾಕೇಜ್ ಇದೆ. ಅದಿಲ್ಲದೆ ಮಿಂಟ್ ಹೇಗೆ ಸಿಗುತ್ತಿತ್ತು?

ಸಾಧನಕೇರಿ_ರೂಟ್:
ಒಂದೇ ಪೆಟ್ಟಿಗೆಯಲ್ಲಿ ಮೂರು ಓಎಸ್ ಯಾಕ್ರೀ ಬೇಕು? ನನ್ನ ಸೆಟಪ್ ಕೇಳಿ. 64 ಜಿಬಿ ರ್‍ಯಾಮ್, ಕೆಳಗೆ ಪ್ರಾಕ್ಸ್‌ಮಾಕ್ಸ್ (ಒಂದೇ ಮೆಷಿನ್ ಒಳಗೆ ಹಲವು ವರ್ಚುವಲ್ ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್), ಅದರ ಮೇಲೆ ಏನು ಬೇಕೋ ಅದು. ವಿಂಡೋಸ್ ಕೆಟ್ಟರೆ ಮೊದಲೇ ಉಳಿಸಿಟ್ಟ ಸ್ನ್ಯಾಪ್‌ಶಾಟ್‌ಗೆ ವಾಪಸ್ ಹೋದರಾಯಿತು. ಜತೆಗೆ 1 ಕೆವಿಎ ಯುಪಿಎಸ್. ಧಾರವಾಡದಲ್ಲಿ ಮಳೆ ಶುರುವಾದರೆ ಕರೆಂಟಿನ ಕಥೆ ಗೊತ್ತಲ್ಲ.

ಹಳೇ_ಪೆಂಟಿಯಂ:
ಆ ಹುಡುಗನ ಮೆಷಿನ್‌ಗೆ ಟಿಪಿಎಂ 2.0 ಇಲ್ಲ, ನೀವು 64 ಜಿಬಿ ಮಾತಾಡುತ್ತೀರಿ. ಅಂದ ಹಾಗೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ಲೆಕ್ಕಪತ್ರ ಇನ್ನೂ ಅದರಲ್ಲೇ ಇಡುವುದು ನನಗಂತೂ ಸರಿ ಕಾಣುವುದಿಲ್ಲ. ಆದರೆ ನುಡಿ (ಕನ್ನಡ ಟೈಪಿಂಗ್ ಸಾಫ್ಟ್‌ವೇರ್) ಬೇಕೆಂದರೆ ವಿಂಡೋಸ್ ಬಿಡುವ ಹಾಗೂ ಇಲ್ಲ.

ಗದಗ_ಗ್ರಬ್:
ಯಾರು ಹೇಳಿದ್ದು? ಲಿನಕ್ಸ್ ಒಳಗೆ ಕನ್ನಡ ಟೈಪ್ ಮಾಡಲು ಐಬಸ್ ಜತೆ ಎಂ17ಎನ್ ಹಾಕಿಕೊಳ್ಳಿ, ನುಡಿಯದೇ ಕೆಜಿಪಿ ಕೀಲಿಮಣೆ ಸಿಗುತ್ತದೆ. ನಾನು ಈಗ ಅದರಲ್ಲೇ ಟೈಪ್ ಮಾಡುತ್ತಿರುವುದು.

ಹಳೇ_ಪೆಂಟಿಯಂ:
ಕೀಲಿಮಣೆ ಸಿಗುತ್ತದೆ ಸರ್, ಇಲ್ಲ ಅನ್ನಲಿಲ್ಲ. ಹಳೇ ನುಡಿ ಫಾಂಟಿನ ಫೈಲ್ ತೆರೆದು ನೋಡಿ. ಆ ಫಾಂಟ್ ಇಲ್ಲದಿದ್ದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಯೂನಿಕೋಡ್‌ಗೆ ಬದಲಾಯಿಸುತ್ತಾ ಕೂರಬೇಕು. ಪಂಚಾಯ್ತಿ ಕಾಗದ ಬರೆದವರಿಗೆ ಕೇಳಿ.

ಉಣಕಲ್_ಕರ್ನಲ್:
ನುಡಿ ಜಗಳ ಬೇರೆ ಕಡೆ ಮಾಡಿ ಪ್ಲೀಸ್. ಬ್ಯಾಡಗಿಯವರೇ, ಮೂರು ಪ್ರಶ್ನೆ. ಒಳಗೆ ಡಿಸ್ಕ್ ಎಷ್ಟು? ಪೆನ್‌ಡ್ರೈವ್‌ನಿಂದ ಬೂಟ್ ಮಾಡುವಾಗ ಪಟ್ಟಿಯಲ್ಲಿ ಅದರ ಹೆಸರು ಹೇಗೆ ಬಂತು? ಡೆಬಿಯನ್‌ನಲ್ಲಿ ಟರ್ಮಿನಲ್ ತೆರೆದು ‘ಎಲ್‌ಎಸ್ /ಸಿಸ್/ಫರ್ಮ್‌ವೇರ್/ಇಎಫ್‌ಐ’ ಕೊಟ್ಟರೆ ಏನು ಹೇಳುತ್ತದೆ?

ಬ್ಯಾಡಗಿ_ಖಾರ:
ಡಿಸ್ಕ್ ಎರಡು ಅಕ್ಕಾ, ಅದು ಗೊತ್ತಿರುವುದೇ ಅಲ್ವಾ? ವಿಂಡೋಸ್ ಎಸ್‌ಎಸ್‌ಡಿಯಲ್ಲಿದೆ. ಲಿನಕ್ಸ್ ಎರಡನ್ನೂ ಹಳೇ ಕಂಪ್ಯೂಟರಿನಿಂದ ಬಿಚ್ಚಿ ತಂದ 1 ಟಿಬಿ ಹಾರ್ಡ್‌ಡಿಸ್ಕ್‌ಗೆ ಹಾಕಿದ್ದು. ಪೆನ್‌ಡ್ರೈವ್ ಹೆಸರು ಎರಡು ಸಲ ಬಂದಿತ್ತು, ಒಂದರ ಮುಂದೆ ಯುಇಎಫ್‌ಐ ಅಂತ ಇತ್ತು. ಇನ್ನೊಂದು ಮೇಲಿತ್ತು, ಅದನ್ನೇ ಒತ್ತಿದೆ. ನೀವು ಕೊಟ್ಟ ಕಮಾಂಡ್‌ಗೆ ಅಂಥ ಫೋಲ್ಡರ್ ಇಲ್ಲ ಅನ್ನುತ್ತಿದೆ. ಹಾಂ, ಎಸ್‌ಎಸ್‌ಡಿ ಹಾಕಿದ ಅಂಗಡಿಯವರು ಬಯೋಸ್‌ನಲ್ಲಿ ಸಿಎಸ್‌ಎಂ ಅಂತ ಏನೋ ಆನ್ ಮಾಡಿದ್ದರು.

ಉಣಕಲ್_ಕರ್ನಲ್:
ಸಿಕ್ಕಿತು. ಆ ಫೋಲ್ಡರ್ ಇಲ್ಲ ಅಂದರೆ ಎರಡು ಲಿನಕ್ಸ್ ಕೂಡ ಹಳೇ ಪದ್ಧತಿಯಲ್ಲಿ, ಅಂದರೆ ಲೆಗಸಿ ಬಯೋಸ್‌ನಲ್ಲಿ ಕೂತಿವೆ. ವಿಂಡೋಸ್ ಬಹುತೇಕ ಹೊಸ ಪದ್ಧತಿಯಾದ ಯುಇಎಫ್‌ಐನಲ್ಲಿದೆ. ಲೆಗಸಿಯಲ್ಲಿ ಎದ್ದ ಲಿನಕ್ಸ್‌ನ ಓಎಸ್-ಪ್ರೋಬರ್ ಇಎಫ್‌ಐ ಕಡೆ ತಿರುಗಿಯೂ ನೋಡುವುದಿಲ್ಲ. ಹೇಗಾದರೂ ಮೆನುಗೆ ಸೇರಿಸಿದರೂ ಲೆಗಸಿ ಗ್ರಬ್‌ನಿಂದ ಅದನ್ನು ಎಬ್ಬಿಸಲು ಆಗುವುದಿಲ್ಲ. ವಿಂಡೋಸ್ ಎಲ್ಲಿಗೂ ಹೋಗಿಲ್ಲ. ಬೂಟ್ ಸರದಿಯಲ್ಲಿ ಹಾರ್ಡ್‌ಡಿಸ್ಕ್ ಮುಂದೆ ಬಂದು ನಿಂತಿದೆ ಅಷ್ಟೇ. ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀ ಒತ್ತುತ್ತಾ ಇರಿ. ಗಿಗಾಬೈಟ್ ಬೋರ್ಡ್ ಆದರೆ ಎಫ್12, ಏಸಸ್ ಆದರೆ ಎಫ್8, ಎಂಎಸ್‌ಐ ಆದರೆ ಎಫ್11. ‘ವಿಂಡೋಸ್ ಬೂಟ್ ಮ್ಯಾನೇಜರ್’ ಆರಿಸಿ. ಸಿಎಸ್‌ಎಂ (ಹಳೇ ಪದ್ಧತಿಗೆ ಅವಕಾಶ ಕೊಡುವ ಸೆಟ್ಟಿಂಗ್) ಮಾತ್ರ ಈಗಲೇ ಆಫ್ ಮಾಡಬೇಡಿ, ಲಿನಕ್ಸ್ ಎರಡೂ ಏಳುವುದಿಲ್ಲ.

ಗದಗ_ಗ್ರಬ್:
ಇರಲಿ ಅಕ್ಕಾ, ಆದರೂ ಓಎಸ್-ಪ್ರೋಬರ್ ಲಾಗ್ ಒಮ್ಮೆ ಹಾಕಲಿ. ನನಗೆ ಇನ್ನೂ ಅನುಮಾನ ಇದೆ.

ಬ್ಯಾಡಗಿ_ಖಾರ:
ಬಂತು!! ಎಫ್8 ಒತ್ತಿದೆ, ವಿಂಡೋಸ್ ಬಂತು, ಟ್ಯಾಲಿ ಇದ್ದ ಹಾಗೇ ಇದೆ. ಅಕ್ಕಾ ನಿಮಗೆ ದೊಡ್ಡ ನಮಸ್ಕಾರ. ಆದರೆ ಗಡಿಯಾರ ತಪ್ಪು. ಈಗ ರಾತ್ರಿ 9, ಅದರಲ್ಲಿ ಮಧ್ಯಾಹ್ನ 3:30. ಬೋರ್ಡಿನ ಸೆಲ್ ಹೋಗಿದೆಯಾ?

ಹಳೇ_ಪೆಂಟಿಯಂ:
ಸೆಲ್ಲೇ. ಸಿಆರ್2032 ತಂದು ಹಾಕಿ.

ಉಣಕಲ್_ಕರ್ನಲ್:
ಸರಿಯಾಗಿ ಐದೂವರೆ ಗಂಟೆ ಹಿಂದಿದೆ ಅಂದರೆ ಸೆಲ್ ಅಲ್ಲ ಸರ್. ಲಿನಕ್ಸ್ ಬೋರ್ಡಿನ ಗಡಿಯಾರಕ್ಕೆ ಯುಟಿಸಿ (ಜಾಗತಿಕ ಸಮಯ) ಬರೆಯುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ. ಮಿಂಟ್‌ನಲ್ಲೂ ಡೆಬಿಯನ್‌ನಲ್ಲೂ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಕೊಡಿ. ಆಮೇಲೆ ವಿಂಡೋಸ್‌ನಲ್ಲಿ ಒಮ್ಮೆ ಸಮಯ ಸರಿ ಮಾಡಿ.
ಜಿಎಸ್‌ಟಿ ಮುಗಿದ ಮೇಲೆ ಪುರುಸೊತ್ತಿನಲ್ಲಿ ಹಾರ್ಡ್‌ಡಿಸ್ಕ್‌ನಲ್ಲಿ ಬೇಕಾದ್ದನ್ನು ಬೇರೆ ಕಡೆ ಇಟ್ಟುಕೊಂಡು ಅದನ್ನು ಜಿಪಿಟಿ (ಯುಇಎಫ್‌ಐಗೆ ಹೊಂದುವ ಪಾರ್ಟಿಶನ್ ಪದ್ಧತಿ) ಮಾಡಿ, ಸಿಎಸ್‌ಎಂ ಆಫ್ ಮಾಡಿ, ಪೆನ್‌ಡ್ರೈವ್‌ನ ಯುಇಎಫ್‌ಐ ಸಾಲಿನಿಂದಲೇ ಲಿನಕ್ಸ್ ಎರಡನ್ನೂ ಮತ್ತೆ ಹಾಕಿ. ಹಾಕುವಾಗ ಎಸ್‌ಎಸ್‌ಡಿ ಬಿಚ್ಚಿಟ್ಟರೆ ಒಳ್ಳೆಯದು. ಕೆಲವು ಇನ್‌ಸ್ಟಾಲರ್‌ಗಳು ನೀವು ಯಾವ ಡಿಸ್ಕ್ ಹೇಳಿದರೂ ಗ್ರಬ್ ಅನ್ನು ಒಯ್ದು ವಿಂಡೋಸ್‌ನ ಇಎಫ್‌ಐ ಪಾರ್ಟಿಶನ್‌ನಲ್ಲೇ ಇಡುತ್ತವೆ.

ಗದಗ_ಗ್ರಬ್:
ಹಾಗೆ ಮತ್ತೆ ಹಾಕಿದ ಮೇಲೂ ಡೆಬಿಯನ್‌ನಲ್ಲಿ ನಾನು ಹೇಳಿದ ಸಾಲು ಬೇಕಾಗಬಹುದು. ಬರೆದಿಟ್ಟುಕೋ ತಮ್ಮಾ.

ಬ್ಯಾಡಗಿ_ಖಾರ:
ಆಯ್ತು ಅಣ್ಣಾ. ಸದ್ಯಕ್ಕೆ ಬಯೋಸ್‌ನಲ್ಲಿ ವಿಂಡೋಸ್ ಮೊದಲು ಇಟ್ಟಿದ್ದೇನೆ, ಅಪ್ಪ ಬೆಳಗ್ಗೆ ಬಂದು ಆನ್ ಮಾಡುತ್ತಾರೆ. @ಸಾಧನಕೇರಿ_ರೂಟ್ ಸರ್, ಆ ಯುಪಿಎಸ್ ಎಷ್ಟು ಹೊತ್ತು ಬರುತ್ತದೆ? ನಮ್ಮಲ್ಲೂ ಕರೆಂಟ್ ಹೋಗುತ್ತಿರುತ್ತದೆ.