1 ಮೈಕ್ರಾನ್ ಫಿಲ್ಟರ್ ಬ್ಯಾಗ್ ಎರಡೇ ಗಂಟೆಗೆ ಕಟ್ಟಿಕೊಳ್ಳುತ್ತಿದೆ, ಗೊತ್ತಿದ್ದವರು ಹೇಳಿ

ಕೇಳಿದವರು: ಕೊಬ್ಬರಿ ಎಣ್ಣೆ ಘಟಕ, ತಿಪಟೂರು ತಾಲೂಕು

ಎಕ್ಸ್‌ಪೆಲ್ಲರ್‌ನಲ್ಲಿ ಹಿಂಡಿದ ಎಣ್ಣೆ ಫಿಲ್ಟರ್ ಪ್ರೆಸ್ ದಾಟಿ ಒಂದು ಬ್ಯಾಗ್ ಹೌಸಿಂಗ್‌ಗೆ (ಬ್ಯಾಗ್ ಕೂರಿಸುವ ಸ್ಟೀಲ್ ಪಾತ್ರೆ) ಬರುತ್ತದೆ. ನಂಬರ್ 2 ಸೈಜು, 1 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಫೆಲ್ಟ್ ಬ್ಯಾಗ್, ಅಂದರೆ ಒತ್ತಿದ ನಾರಿನದು, ಹೊಲಿಗೆಯದು. ಗೇರ್ ಪಂಪು, ಗಂಟೆಗೆ 3,000 ಲೀಟರ್. ಚಳಿಗಾಲದ ಬೆಳಿಗ್ಗೆ ಎರಡು ಗಂಟೆಯೂ ಓಡುವುದಿಲ್ಲ, ಮಧ್ಯಾಹ್ನ ಪರವಾಗಿಲ್ಲ. ಇಷ್ಟಾದರೂ ಕೆಲವು ಬಾಟಲಿಗಳ ತಳದಲ್ಲಿ ಕಪ್ಪು ಚುಕ್ಕೆ ಕಾಣುತ್ತಿದೆ. ಹೌಸಿಂಗ್‌ಗೆ ಒಂದೇ ಗೇಜು, ಒಳಬರುವ ಕಡೆ. ಮೂರು ಪ್ರಶ್ನೆ: ಬ್ಯಾಗ್ ಬದಲಿಸಬೇಕಾ, ಕಂಪನಿ ಬದಲಿಸಬೇಕಾ? ಬಳಸಿದ ಬ್ಯಾಗನ್ನು ತೊಳೆದು ಹಾಕಬಹುದಾ? ಬೋರ್‌ವೆಲ್ ನೀರಿನ ಲೈನಿಗೂ ಇದೇ ಸೈಜಿನ ಹೌಸಿಂಗ್ ಇದೆ, ಒಂದೇ ಬ್ಯಾಗ್ ತರಿಸಿದರೆ ನಡೆಯುತ್ತಾ? ಬೇರೆ ಕೆಲಸಕ್ಕೆ ಬ್ಯಾಗ್ ಬಳಸುವವರೂ ಬರೆಯಿರಿ.

ಉತ್ತರ: ಎಣ್ಣೆ ಮಿಲ್ ಮೇಂಟೆನೆನ್ಸ್, ತಿಪಟೂರು

ಅಣ್ಣಾ, ಬೆಳಿಗ್ಗೆ ಕಟ್ಟಿಕೊಂಡು ಮಧ್ಯಾಹ್ನ ಸರಿಹೋಗುತ್ತದೆ ಅಂದರೆ ಬ್ಯಾಗಿನಲ್ಲಿ ತುಂಬುತ್ತಿರುವುದು ಗಸಿ ಮಾತ್ರ ಅಲ್ಲ, ಎಣ್ಣೆಯೇ. ಕೊಬ್ಬರಿ ಎಣ್ಣೆ 24–25 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್-ಜನವರಿಯ ಬೆಳಗಿನಲ್ಲಿ ಖಾಲಿ ಸ್ಟೀಲ್ ಹೌಸಿಂಗ್ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಟ್ಯಾಂಕಿನಲ್ಲಿ ಎಣ್ಣೆ ಬೆಚ್ಚಗಿದ್ದರೂ ಮೊದಲ ಹತ್ತಿಪ್ಪತ್ತು ಲೀಟರ್ ಗೋಡೆಗೆ ತಾಕಿದ ಕೂಡಲೇ ತುಪ್ಪದ ಹಾಗೆ ಹರಳಾಗಿ ಫೆಲ್ಟಿನ ಮೇಲೆ ಕೂರುತ್ತದೆ. ಆಮೇಲೆ ಬಿಸಿ ಎಣ್ಣೆ ಬಂದರೂ ಆ ಪದರ ಬೇಗ ಕರಗುವುದಿಲ್ಲ.

ಎಣ್ಣೆ 45–50 ಡಿಗ್ರಿ ಇರಲಿ. ಬ್ಯಾಗ್ ಹಾಕುವ ಮುಂಚೆ ಖಾಲಿ ಹೌಸಿಂಗ್‌ನಲ್ಲಿ ಬಿಸಿ ಎಣ್ಣೆಯನ್ನು 10–15 ನಿಮಿಷ ತಿರುಗಿಸಿ ಟ್ಯಾಂಕಿಗೇ ವಾಪಸ್ ಬಿಡಿ. ಹೊರಗಡೆ ಕೈ ಇಟ್ಟರೆ ಬೆಚ್ಚಗಾಗಿರಬೇಕು. ಆಮೇಲೆ ಎಣ್ಣೆ ಇಳಿಸಿ ಬ್ಯಾಗ್ ಹಾಕಿ. ಜಾಕೆಟ್ ಇರುವ ಹೌಸಿಂಗ್ ಆದರೆ ಬಿಸಿನೀರು ಕೊಟ್ಟರೆ ಮುಗಿಯಿತು. 60 ದಾಟಿಸಬೇಡಿ, ಲಾಭ ಕಡಿಮೆ, ಬಣ್ಣ-ವಾಸನೆ ಹೋಗುತ್ತದೆ.

ಎರಡನೆಯದು ಹರಿವು. 40 ಡಿಗ್ರಿಯಲ್ಲೂ ಕೊಬ್ಬರಿ ಎಣ್ಣೆ ಸಾಮಾನ್ಯ ನೀರಿಗಿಂತ ಸುಮಾರು 30 ಪಟ್ಟು ಮಂದ. ಬ್ಯಾಗಿನ ಮೇಲೆ ಬೀಳುವ ಒತ್ತಡವೂ ಮಂದತೆ ಹೆಚ್ಚಿದಷ್ಟೂ ಹೆಚ್ಚುತ್ತದೆ. ನಿಮ್ಮ 3,000 ಲೀಟರ್ ಎಣ್ಣೆ ಬ್ಯಾಗಿನ ಲೆಕ್ಕದಲ್ಲಿ 90,000 ಲೀಟರ್ ನೀರು. ನಂಬರ್ 2 ಹೌಸಿಂಗ್‌ಗೆ ಕ್ಯಾಟಲಾಗ್‌ನಲ್ಲಿ ಬರೆಯುವುದೇ ಗಂಟೆಗೆ ಹೆಚ್ಚೆಂದರೆ 40,000 ಲೀಟರ್ ನೀರು. ಆದ್ದರಿಂದ ಹೊಸ ಬ್ಯಾಗ್ ಹಾಕಿದ ನಿಮಿಷದಲ್ಲೇ ಅದು ಅರ್ಧ ಸೋತಿರುತ್ತದೆ. 1 ಮೈಕ್ರಾನ್‌ಗೆ ಒಂದು ಬ್ಯಾಗಿಗೆ ಗಂಟೆಗೆ ಸಾವಿರ ಲೀಟರ್ ಇಟ್ಟುಕೊಳ್ಳಿ. 3,000 ಬೇಕೇ ಬೇಕೆಂದರೆ ಮೂರು ಹೌಸಿಂಗ್ ಸಮಾನಾಂತರವಾಗಿ, ಇಲ್ಲವೇ ಮೂರು ಬ್ಯಾಗಿನ ಒಂದು ಹೌಸಿಂಗ್.

ಮೂರನೆಯದು, ಪ್ರೆಸ್ಸಿನಿಂದ ನೇರ 1 ಮೈಕ್ರಾನ್‌ಗೆ ಬಿಡುವುದು. ಪ್ರೆಸ್ಸಿನ ಬಟ್ಟೆಯ ಮೇಲೆ ಗಸಿಯ ಪದರ ಕಟ್ಟುವ ತನಕ ಬರುವ ಎಣ್ಣೆ ಮಬ್ಬಾಗಿಯೇ ಇರುತ್ತದೆ. ಅದನ್ನು ಕಚ್ಚಾ ಟ್ಯಾಂಕಿಗೆ ವಾಪಸ್ ಕೊಡಿ, ತಿಳಿಯಾದ ಮೇಲೆ ಮಾತ್ರ ಬ್ಯಾಗಿನ ಕಡೆ ವಾಲ್ವ್ ತೆಗೆಯಿರಿ. ಬ್ಯಾಗ್ 25, ಆಮೇಲೆ 5, ಕೊನೆಗೆ 1. ಜಾಗ ಇಲ್ಲದಿದ್ದರೆ 10 ಮತ್ತು 1. ನನ್ನನ್ನು ಕೇಳಿದರೆ ಬಾಟಲಿಗೆ ತುಂಬುವ ಎಣ್ಣೆಗೆ 5 ಸಾಕು, 1 ಅಂತ ಬರೆದ ಮಾತ್ರಕ್ಕೆ ಹೊಳಪು ಬರುವುದಿಲ್ಲ.

ಇನ್ನೊಂದು, ಮಬ್ಬು ತೇವದಿಂದ ಬಂದಿದ್ದರೆ ಯಾವ ಬ್ಯಾಗೂ ತೆಗೆಯುವುದಿಲ್ಲ. ಮಿಲ್ಲಿಂಗ್ ಕೊಬ್ಬರಿ ಶೇ. 6ರ ಆಸುಪಾಸಿಗೆ ಒಣಗಿರಬೇಕು. ಒಣಗದಿದ್ದರೆ ಎಣ್ಣೆ ಕಾಯಿಸಿ, ತಳ ಕೂರಲು ಬಿಟ್ಟು, ಮೇಲಿನದನ್ನು ಎಳೆಯಬೇಕು.

ಉತ್ತರ: ಹೌಸಿಂಗ್ ಫ್ಯಾಬ್ರಿಕೇಷನ್, ಅಂತರಸನಹಳ್ಳಿ, ತುಮಕೂರು

ಬಿಸಿ-ಹರಿವು ಮೇಲಿನವರು ಹೇಳಿದರು. ನಾನು ಕಪ್ಪು ಚುಕ್ಕೆಯ ವಿಷಯ ಮಾತ್ರ ಹೇಳುತ್ತೇನೆ, ಏಕೆಂದರೆ ಹತ್ತರಲ್ಲಿ ಎಂಟು ಸಲ ಅದು ಬಟ್ಟೆ ದಾಟಿ ಬಂದದ್ದಲ್ಲ, ಬಟ್ಟೆಯ ಪಕ್ಕದಿಂದ ಬಂದದ್ದು.

ಮುಚ್ಚಳ ತೆಗೆದು ಬ್ಯಾಗಿನ ಕಾಲರ್ (ಬಾಯಿಯ ಅಂಚು) ನೋಡಿ. ಸ್ಟೀಲ್ ರಿಂಗಿಗೆ ಫೆಲ್ಟ್ ಸುತ್ತಿ ಹೊಲಿದದ್ದಾ, ಪ್ಲಾಸ್ಟಿಕ್ ಕಾಲರ್ ವೆಲ್ಡ್ ಮಾಡಿದ್ದಾ? ಸ್ಟೀಲ್ ರಿಂಗಿನದು ಹೌಸಿಂಗ್ ಒಳಗಿನ ತೂತಿನ ಬುಟ್ಟಿಯ ಅಂಚಿನ ಮೇಲೆ ಕೂರುತ್ತದೆಯೇ ಹೊರತು ತಾನಾಗಿ ಸೀಲ್ ಆಗುವುದಿಲ್ಲ, ಮುಚ್ಚಳದ ಒತ್ತೇ ಅದಕ್ಕೆ ಸೀಲು. ರಿಂಗ್ ಸ್ವಲ್ಪ ಸೊಟ್ಟಗಾದರೂ ಅಲ್ಲಿಂದ ಎಣ್ಣೆ ನುಗ್ಗುತ್ತದೆ. ಮೊನಚು ತುಟಿ ಇರುವ ಪ್ಲಾಸ್ಟಿಕ್ ಕಾಲರ್ ಒತ್ತಡ ಬಿದ್ದಷ್ಟೂ ಗೋಡೆಗೆ ಬಿಗಿಯುತ್ತದೆ. 10 ಮೈಕ್ರಾನ್‌ಗಿಂತ ಕೆಳಗೆ ಅದನ್ನೇ ತಗೊಳ್ಳಿ.

ಹೊಲಿಗೆ: ಸೂಜಿ ತೂತು 1 ಮೈಕ್ರಾನ್‌ಗಿಂತ ನೂರಾರು ಪಟ್ಟು ದೊಡ್ಡದು. ಹೊಲಿದ 1 ಮೈಕ್ರಾನ್ ಬ್ಯಾಗ್ ಅಂದರೆ ತೂತಿನ ಕೊಡಕ್ಕೆ ಗಟ್ಟಿ ಮುಚ್ಚಳ ಹಾಕಿದ ಹಾಗೆ. ಪಕ್ಕ, ತಳ, ಕಾಲರ್ ಮೂರೂ ಬಿಸಿ ವೆಲ್ಡಿಂಗ್ ಇರುವುದನ್ನು ಕೇಳಿ.

ಲೇಬಲ್ ಮೇಲಿನ ಮೈಕ್ರಾನ್ ನಂಬಬೇಡಿ. ಸಾಮಾನ್ಯ ಫೆಲ್ಟ್ ಬ್ಯಾಗಿನ ಸಂಖ್ಯೆ ನಾಮಿನಲ್ (ಅಂದಾಜಿನದು), ಒಬ್ಬರ 5 ಇನ್ನೊಬ್ಬರ 10ಕ್ಕೆ ಸಮ. ಅಬ್ಸಲ್ಯೂಟ್ (ಖಚಿತ ಅಳತೆಯದು) ಎಂದು ಮಾರುವವರು ಬೀಟಾ ಸಂಖ್ಯೆ ಕೊಡಬೇಕು. ಬೀಟಾ 1000 ಅಂದರೆ ಆ ಗಾತ್ರದ ಸಾವಿರ ಕಣ ಬಂದರೆ ಒಂದು ಮಾತ್ರ ದಾಟುತ್ತದೆ, ಅಂದರೆ ಶೇ. 99.9. ಬೀಟಾ ಕೇಳಿದಾಗ ಮಾರುವವರು ತಡವರಿಸಿದರೆ ಅದು ನಾಮಿನಲ್ ಅಂತಲೇ ತಿಳಿಯಿರಿ.

ಬುಟ್ಟಿ: ಒಳಗೆ ಕೈ ಹಾಕಿ ತೂತುಗಳ ಅಂಚು ಸವರಿ. ಪಂಚಿಂಗ್ ಚೂರು ಕೈಗೆ ತಾಗಿದರೆ ಬ್ಯಾಗನ್ನೂ ಅದೇ ಕೊಯ್ಯುತ್ತದೆ, ಎಮರಿ ಹಾಕಿ ನಯಮಾಡಿ. ಬ್ಯಾಗಿನ ತಳ ಬುಟ್ಟಿಯ ತಳಕ್ಕೆ ಪೂರ್ತಿ ಕೂತಿರಬೇಕು. ಒಂದಿಂಚು ಮೇಲೆ ನಿಂತರೆ ತಳದ ಸೇರುವೆಯೇ ಪೂರಾ ಒತ್ತಡ ಹೊರಬೇಕಾಗುತ್ತದೆ. ನಂಬರ್ 2 ಬ್ಯಾಗ್ 180 ಮಿಮೀ ವ್ಯಾಸ, ಸುಮಾರು 810 ಮಿಮೀ ಉದ್ದ. ಹೊಸ ಬ್ಯಾಗನ್ನು ಮೇಜಿನ ಮೇಲೆ ಚಪ್ಪಟೆ ಮಾಡಿ ಅಗಲ ಅಳೆದರೆ 280 ಮಿಮೀ ಹತ್ತಿರ ಬರಬೇಕು. 270 ಬಂದರೆ ಅದು ಬುಟ್ಟಿಗೆ ಆನಿಕೊಳ್ಳದೆ ಗಾಳಿಯಲ್ಲೇ ಬಿಗಿಯುತ್ತದೆ, ಹರಿಯುತ್ತದೆ.

ಇನ್ನು ಗೇರ್ ಪಂಪು. ಅದು ಒತ್ತಡ ಏರಿದರೂ ನಿಲ್ಲುವುದಿಲ್ಲ, ತಳ್ಳುತ್ತಲೇ ಇರುತ್ತದೆ. ಬ್ಯಾಗ್ ಕಟ್ಟಿಕೊಂಡರೆ ಮೊದಲು ಸಾಯುವುದು ಬ್ಯಾಗು. 2 ಬಾರ್‌ಗೆ ಹೊಂದಿಸಿದ ರಿಲೀಫ್ ವಾಲ್ವ್ ಹಾಕಿ, ಅದರ ಪೈಪು ಕಚ್ಚಾ ಟ್ಯಾಂಕಿಗೆ ಹೋಗಲಿ.

ಕೇಳಿದವರು

ಒಂದೇ ಗೇಜು ಇದ್ದರೆ ಸಾಲದಾ? ಪಂಪಿನ ಕಡೆ 1.8 ಬಾರ್ ತೋರಿಸಿದಾಗ ಬ್ಯಾಗ್ ಬದಲಿಸುತ್ತಿದ್ದೇವೆ.

ಉತ್ತರ: ಹೌಸಿಂಗ್ ಫ್ಯಾಬ್ರಿಕೇಷನ್, ಅಂತರಸನಹಳ್ಳಿ

ಸಾಲದು. ಮುಂದಿನ ಪೈಪು, ವಾಲ್ವು, ಮೇಲಿನ ಟ್ಯಾಂಕಿನ ಎತ್ತರ ಎಲ್ಲ ಸೇರಿ ಆ 1.8. ಬೇಕಿರುವುದು ಹೌಸಿಂಗ್‌ನ ಎರಡು ಕಡೆಯ ವ್ಯತ್ಯಾಸ. ಎರಡು ಗೇಜ್ ಹಾಕಿದರೆ ಒಂದೊಂದು ಒಂದೊಂದು ತೋರಿಸುತ್ತದೆ. ಅದಕ್ಕೆ ಒಂದೇ ಗೇಜು ಹಾಕಿ ಎರಡು ಕಡೆಯಿಂದ ಸಣ್ಣ ಟ್ಯೂಬ್ ಎಳೆದು ಮೂರು ದಾರಿಯ ಕಾಕ್ ಕೂರಿಸಿ. ಆ ಕಡೆ ತಿರುಗಿಸಿ ಓದಿ, ಈ ಕಡೆ ತಿರುಗಿಸಿ ಓದಿ, ಕಳೆಯಿರಿ. ಗೇಜು 0–4 ಬಾರ್ ಇರಲಿ, ಗ್ಲಿಸರಿನ್ ತುಂಬಿದ್ದು. 0–16ರದ್ದರಲ್ಲಿ 0.2 ಓದಲಾಗುವುದಿಲ್ಲ.

ಹೊಸ ಬ್ಯಾಗಿಗೆ ವ್ಯತ್ಯಾಸ 0.1–0.2 ಬಾರ್. 1 ಬಾರ್ ಮುಟ್ಟಿದರೆ ಬದಲಿಸಿ, 1.5 ದಾಟಿಸಬೇಡಿ. ದಾಟಿದರೆ ಹಿಡಿದಿಟ್ಟ ಗಸಿಯನ್ನೇ ಫೆಲ್ಟ್ ಆಚೆ ತಳ್ಳುತ್ತದೆ. ಇದಕ್ಕಿಂತ ಮುಖ್ಯ, ದಿನಗಟ್ಟಲೆ ವ್ಯತ್ಯಾಸ ಏರದಿದ್ದರೆ "ಈ ಬ್ಯಾಗ್ ಬಾಳಿಕೆ ಚೆನ್ನಾಗಿದೆ" ಅಂತ ಖುಷಿಪಡಬೇಡಿ, ಎಲ್ಲೋ ಹರಿದಿದೆ ಅಥವಾ ಕಾಲರ್ ಕೂತಿಲ್ಲ.

ಉತ್ತರ: ಪೇಂಟ್ ಲೈನ್, ನರಸಾಪುರ, ಕೋಲಾರ

ನಮ್ಮದು ಸಿಇಡಿ (ವಿದ್ಯುತ್ ಹರಿಸಿ ಲೋಹಕ್ಕೆ ಬಣ್ಣ ಹಿಡಿಸುವ) ಪೇಂಟ್ ಟ್ಯಾಂಕ್, ಎಣ್ಣೆಯಲ್ಲ, ಆದರೂ ಎರಡು ಮಾತು ನಿಮಗೂ ಆಗುತ್ತದೆ.

ಒಂದು, ಪಂಪ್ ನಿಲ್ಲಿಸಿ ಮತ್ತೆ ಶುರು ಮಾಡಿದ ಮೊದಲ ಕೆಲವು ನಿಮಿಷ ಬರುವ ದ್ರವ ಕೊಳಕಾಗಿರುತ್ತದೆ. ಒತ್ತಡ ಬಿಟ್ಟಾಗ ಫೆಲ್ಟ್ ಸಡಿಲವಾಗಿ, ಮತ್ತೆ ಒತ್ತಿದಾಗ ಹಿಡಿದ ಕಣ ಬಿಡುತ್ತದೆ. ನಿಮ್ಮ ಕಪ್ಪು ಚುಕ್ಕೆ ಊಟದ ವಿರಾಮ ಮುಗಿದ ಮೇಲಿನ ಬಾಟಲಿಗಳಲ್ಲೇ ಹೆಚ್ಚಾ ನೋಡಿ. ಹಾಗಿದ್ದರೆ ಮೊದಲ ಐದು ನಿಮಿಷ ಟ್ಯಾಂಕಿಗೇ ವಾಪಸ್ ಬಿಡಿ. ವಾಲ್ವನ್ನು ನಿಧಾನ ತೆಗೆಯಿರಿ, ಮೇಲಿನ ಏರ್ ವೆಂಟಿನಿಂದ ಗಾಳಿ ಪೂರ್ತಿ ಹೋಗಿ ದ್ರವ ಬಂದ ಮೇಲೆ ಅದನ್ನು ಮುಚ್ಚಿ.

ಎರಡು, ಚುಕ್ಕೆ ಎಲ್ಲಿಂದ ಬಂತು ಅಂತ ಊಹಿಸಬೇಡಿ. ಬ್ಯಾಗಿನ ಮುಂಚೆ, ಬ್ಯಾಗಿನ ಬೆನ್ನಿಗೇ, ಫಿಲ್ಲಿಂಗ್ ನಾಜಲ್‌ನಲ್ಲಿ ಒಂದೊಂದು ಲೀಟರ್ ಹಿಡಿದು ಮೂರನ್ನೂ ಬೆಚ್ಚಗಿರುವಾಗಲೇ ಬಿಳಿ ಫಿಲ್ಟರ್ ಪೇಪರ್ ಮೇಲೆ ಸೋಸಿ. ಎರಡನೆಯದು ಸ್ವಚ್ಛ, ಮೂರನೆಯದು ಕೊಳಕು ಅಂದರೆ ತಪ್ಪು ಪೈಪಿನದೋ ಗ್ಯಾಸ್ಕೆಟ್‌ನದೋ, ಬ್ಯಾಗಿಗೆ ದುಡ್ಡು ಸುರಿದು ಪ್ರಯೋಜನವಿಲ್ಲ.

ಪೇಂಟ್‌ನವರು ಯಾರಾದರೂ ಓದುತ್ತಿದ್ದರೆ: ಸಿಲಿಕೋನ್ ಇಲ್ಲದ ಬ್ಯಾಗ್ ಅಂತ ಬರೆಸಿಕೊಂಡೇ ತರಿಸಿ, ಇಲ್ಲದಿದ್ದರೆ ಪ್ಯಾನಲ್ ಮೇಲೆ ಗುಳಿ ಬೀಳುತ್ತದೆ. ಹೊಸ ಲಾಟ್ ಬಂದಾಗ ಒಂದು ತುಂಡು ಕತ್ತರಿಸಿ ಪೇಂಟಿನಲ್ಲಿ ರಾತ್ರಿಯಿಡೀ ನೆನೆಸಿ ಪ್ಯಾನಲ್ ಹೊಡೆದು ನೋಡಿ. ಬ್ಯಾಗ್ ತೆಗೆಯುವ ಮುಂಚೆ ಹೌಸಿಂಗನ್ನು ಪೇಂಟಿನಿಂದಲೇ ಸೋಸಿ ತೆಗೆದ ತಿಳಿ ದ್ರವ, ಅಂದರೆ ಯುಎಫ್ ಪರ್ಮಿಯೇಟ್‌ನಿಂದ ತೊಳೆಯಿರಿ, ಕೋಲಾರದ ಗಡಸು ಬೋರ್ ನೀರು ಸೋಕಿಸಿದರೆ ಪೇಂಟ್ ಒಡೆದು ಮುದ್ದೆಯಾಗುತ್ತದೆ. ಬಳಸಿದ ಬ್ಯಾಗ್ 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ. 90 ದಿನದೊಳಗೆ ಅನುಮತಿ ಇರುವವರಿಗೆ ಮ್ಯಾನಿಫೆಸ್ಟ್ (ಸಾಗಣೆ ದಾಖಲೆ) ಜೊತೆ ಕೊಡಬೇಕು, ಗುಜರಿಗಲ್ಲ.

ಉತ್ತರ: ಎಣ್ಣೆ ಮಿಲ್ ಮೇಂಟೆನೆನ್ಸ್, ತಿಪಟೂರು

ತೊಳೆಯುವ ಪ್ರಶ್ನೆ ಉಳಿಯಿತು. ಫೆಲ್ಟ್ ಬ್ಯಾಗ್ ತೊಳೆಯಬೇಡಿ. ಗಸಿ ಅದರ ದಪ್ಪದೊಳಗೆ ಸಿಕ್ಕಿರುತ್ತದೆ, ನೀರು ಹೊಡೆದರೆ ಇನ್ನೂ ಒಳಗೆ ಹೋಗುತ್ತದೆ. ಮೇಲಾಗಿ ಒಣಗದೆ ಉಳಿದ ತೇವ ಎಣ್ಣೆಗೆ ಸೇರಿ ಹುಳಿ ಏರಿಸುತ್ತದೆ. ನೈಲಾನ್ ಮಾನೊಫಿಲಮೆಂಟ್ (ಒಂಟಿ ಎಳೆಯ) ಜಾಲರಿ ಬ್ಯಾಗ್ ತೊಳೆಯಬಹುದು: ಒಳಗನ್ನು ಹೊರಗೆ ಮಾಡಿ, 50–60 ಡಿಗ್ರಿ ಸೋಪು ನೀರು, ಮೆತ್ತನೆ ಬ್ರಷ್, ನೆರಳಲ್ಲಿ ಪೂರ್ತಿ ಒಣಗಿಸಿ. ಬೆಳಕಿಗೆ ಹಿಡಿದು ಎಳೆ ಸರಿದಿದೆಯಾ ನೋಡಿ. ಅದು 25 ಮೈಕ್ರಾನ್‌ನ ಮೊದಲ ಹಂತಕ್ಕೆ ಸರಿ, ಕೊನೆಯದಕ್ಕಲ್ಲ.

ದುಡ್ಡು ಉಳಿಯುವುದು ತೊಳೆಯುವುದರಲ್ಲಲ್ಲ, ಬದಲಿಸುವಾಗ. ನಂಬರ್ 2 ಬ್ಯಾಗಿನೊಳಗೆ 15 ಲೀಟರ್ ಮೇಲೆ ಎಣ್ಣೆ ನಿಂತಿರುತ್ತದೆ. ಮುಚ್ಚಳ ತೆಗೆಯುವ ಮುಂಚೆ ವೆಂಟಿನಿಂದ ಅರ್ಧ ಬಾರ್ ಶುದ್ಧ ಒಣ ಗಾಳಿ ಕೊಟ್ಟು ಅದನ್ನು ಬ್ಯಾಗ್ ಮೂಲಕವೇ ಆಚೆ ತಳ್ಳಿ, ಗಾಳಿ ಬಿಟ್ಟು ಗೇಜ್ ಸೊನ್ನೆ ಆದ ಮೇಲೆ ಬೋಲ್ಟ್ ಸಡಿಲಿಸಿ. ಆದರೂ ಫೆಲ್ಟ್ ಹೀರಿದ ಒಂದು ಲೀಟರ್ ಹತ್ತಿರ ಹೋಗಿಯೇ ಹೋಗುತ್ತದೆ. ದಿನಕ್ಕೆ ನಾಲ್ಕು ಬ್ಯಾಗ್ ಬದಲಿಸಿದರೆ ನಾಲ್ಕು ಲೀಟರ್. ಅದಕ್ಕೇ ಬ್ಯಾಗಿನ ಬೆಲೆ ನೋಡಬೇಡಿ, ಸಾವಿರ ಲೀಟರಿಗೆ ಬ್ಯಾಗ್ ಮತ್ತು ಹೋದ ಎಣ್ಣೆ ಸೇರಿ ಎಷ್ಟು ಬಿತ್ತು ನೋಡಿ.

ಬಟ್ಟೆ ಪಾಲಿಯೆಸ್ಟರ್ ಇರಲಿ. ಪಾಲಿಪ್ರೊಪಿಲೀನ್ ಕೂಡ 50 ಡಿಗ್ರಿಗೆ ನಡೆಯುತ್ತದೆ, ಆದರೆ ಬಿಸಿ ಎಣ್ಣೆಯಲ್ಲಿ ಮೆತ್ತಗಾಗುತ್ತದೆ. ಆಹಾರ ಸಂಪರ್ಕಕ್ಕೆ ಯೋಗ್ಯ ಎಂಬ ಪತ್ರ ಲಾಟ್ ಜೊತೆ ಕೇಳಿ. ಹೊರಮೈ ಸುಟ್ಟು ನಯಮಾಡಿದ ಫೆಲ್ಟ್ ಆದರೆ ನಾರು ಎಣ್ಣೆಗೆ ಬರುವುದಿಲ್ಲ.

ಉತ್ತರ: ಕುಡಿಯುವ ನೀರಿನ ಘಟಕ, ಚಿಕ್ಕಬಳ್ಳಾಪುರ

ನೀರಿಗೂ ಎಣ್ಣೆಗೂ ಒಂದೇ ಬ್ಯಾಗ್ ಬೇಡ ಸರ್. ನೀರಿಗೆ ಪಾಲಿಪ್ರೊಪಿಲೀನ್ 5 ಮೈಕ್ರಾನ್, ನಂಬರ್ 2ಕ್ಕೆ ಗಂಟೆಗೆ 10,000 ಲೀಟರ್ ಒಳಗೆ. ಕಾಸ್ಟಿಕ್ ಅಥವಾ ಬಿಸಿನೀರಿನಿಂದ ಲೈನ್ ತೊಳೆಯುವವರು ಪಾಲಿಯೆಸ್ಟರ್ ಬ್ಯಾಗನ್ನು ಒಳಗೇ ಬಿಡಬೇಡಿ, ಎಳೆ ಕೊಳೆತು ಪುಡಿಯಾಗುತ್ತದೆ. ಎರಡೂ ಬೆಳ್ಳಗೇ ಇರುವುದರಿಂದ ಸ್ಟೋರಿನಲ್ಲಿ ಅದಲುಬದಲಾಗುತ್ತವೆ. ಗುರುತು ಹಿಡಿಯಲು ಒಂದು ತುಂಡನ್ನು ಸೋಪು ಹನಿ ಹಾಕಿದ ನೀರಲ್ಲಿ ಹಿಂಡಿ ಗಾಳಿ ತೆಗೆದು ಬಿಡಿ. ತೇಲಿದರೆ ಪಾಲಿಪ್ರೊಪಿಲೀನ್, ಮುಳುಗಿದರೆ ಪಾಲಿಯೆಸ್ಟರ್.

ಬ್ಯಾಗ್ ಹಾಕಿದ ಮಾತ್ರಕ್ಕೆ ನಮ್ಮ ಕಡೆಯ ಫ್ಲೋರೈಡ್, ಗಡಸು ಹೋಗುವುದಿಲ್ಲ, ಕರಗಿದ್ದನ್ನು ಬ್ಯಾಗ್ ಹಿಡಿಯುವುದಿಲ್ಲ. ಮುಂದೆ ಆರ್‌ಒ ಇದ್ದರೆ ಎಸ್‌ಡಿಐ (ನೀರಿನ ಸಣ್ಣ ಕೊಳೆ ಮೆಂಬ್ರೇನನ್ನು ಎಷ್ಟು ಕಟ್ಟಿಸುತ್ತದೆ ಎಂಬ ಅಳತೆ) ನೋಡಿ: 0.45 ಮೈಕ್ರಾನ್, 47 ಮಿಮೀ ಪೇಪರ್, 30 ಪಿಎಸ್‌ಐ ಒತ್ತಡ. ಮೊದಲ 500 ಮಿಲಿಗೆ ಹಿಡಿದ ಸೆಕೆಂಡನ್ನು 15 ನಿಮಿಷದ ನಂತರದ 500 ಮಿಲಿಗೆ ಹಿಡಿದ ಸೆಕೆಂಡಿನಿಂದ ಭಾಗಿಸಿ, 1ರಿಂದ ಕಳೆದು, 100ರಿಂದ ಗುಣಿಸಿ, 15ರಿಂದ ಭಾಗಿಸಿ. 5 ದಾಟಿದರೆ ಮೆಂಬ್ರೇನ್‌ಗೆ ಬಿಡಬೇಡಿ. ಬ್ಯಾಗ್ ಕಂದು ಬಣ್ಣಕ್ಕೆ ತಿರುಗಿದರೆ ಕಬ್ಬಿಣ, ಹಸಿರು ಲೋಳೆ ಬಂದರೆ ಮೇಲಿನ ಟ್ಯಾಂಕಿಗೆ ಬಿಸಿಲು ಬೀಳುತ್ತಿದೆ, ಮುಚ್ಚಿ.

ಕೇಳಿದವರು

ಮುಚ್ಚಳದ ಓ-ರಿಂಗ್ ಎರಡೂ ಹೌಸಿಂಗ್‌ಗೆ ಒಂದೇ ಅಳತೆ. ನೀರಿನದಕ್ಕೆ ಬಂದ ಇಪಿಡಿಎಂ ರಬ್ಬರ್ ರಿಂಗನ್ನೇ ಎಣ್ಣೆಗೂ ಹಾಕಿದ್ದೇವೆ.

ಉತ್ತರ: ಹೌಸಿಂಗ್ ಫ್ಯಾಬ್ರಿಕೇಷನ್, ಅಂತರಸನಹಳ್ಳಿ

ಇವತ್ತೇ ತೆಗೆಯಿರಿ. ಇಪಿಡಿಎಂ ನೀರಿಗೆ ಒಳ್ಳೆಯದು, ಎಣ್ಣೆಯಲ್ಲಿ ಉಬ್ಬುತ್ತದೆ. ಉಬ್ಬಿದ ರಿಂಗ್ ತೋಡಿನಿಂದ ಎದ್ದು ಮುಚ್ಚಳದಡಿ ಸಿಕ್ಕಿ ಸಿಗಿದು ಬರುತ್ತದೆ. ನಿಮ್ಮ ಕಪ್ಪು ಚುಕ್ಕೆಯನ್ನು ಉಗುರಿನಿಂದ ಒತ್ತಿ ನೋಡಿ. ಗಸಿಯಾದರೆ ಪುಡಿಯಾಗುತ್ತದೆ, ರಬ್ಬರ್ ಆದರೆ ಪುಟಿಯುತ್ತದೆ. ಎಣ್ಣೆಗೆ ಆಹಾರ ದರ್ಜೆಯ ಬಿಳಿ ನೈಟ್ರೈಲ್ ಹಾಕಿ, ಬಿಳಿಯದು ಹರಿದರೂ ಬಾಟಲಿಯಲ್ಲಿ ಗೊತ್ತಾಗುವುದಿಲ್ಲ, ಹಾಗಾಗಿ ಬ್ಯಾಗ್ ಬದಲಿಸುವಾಗಲೆಲ್ಲ ತೋಡು ಒರೆಸಿ ರಿಂಗ್ ಸುತ್ತ ಬೆರಳು ಆಡಿಸಿ. ಬೋಲ್ಟ್ ಎದುರುಬದುರು ಬಿಗಿಯಿರಿ, ಒಂದೇ ಸುತ್ತಿಗೆ ಪೂರ್ತಿ ಬೇಡ, ಮೂರು ಸುತ್ತಿನಲ್ಲಿ.